ಬಾಟಲಿಗೆ ನಾನು ಅಂಟಿಸಿದ ಚೀಟಿ

ನನ್ನ ಸೋದರಮಾವ ಮೂವತ್ತೊಂದು ವರ್ಷ ಒಂದು ಸ್ಟುಡಿಯೋದ ಕತ್ತಲೆಕೋಣೆಯಲ್ಲಿ ಫಿಲ್ಮ್ ತೊಳೆದರು. ಆರಡಿ ಅಗಲ, ಎಂಟಡಿ ಉದ್ದದ ಕೋಣೆ. ಹೆಸರಾಂತ ಫೋಟೋಗ್ರಾಫರ್‌ಗಳು ತಮ್ಮ ರೋಲುಗಳನ್ನು ಮಾವನನ್ನು ಬಿಟ್ಟು ಬೇರೆ ಯಾರ ಕೈಗೂ ಕೊಡುತ್ತಿರಲಿಲ್ಲ. ರಸಾಯನಶಾಸ್ತ್ರದಲ್ಲಿ ಬಿ.ಎಸ್ಸಿ. ಮುಗಿಸಿ ಮಾವನ ಕೈಕೆಳಗೆ ಸೇರಿದ ಮೇಲೆ ಅಂಥ ಐದಾರು ಜನರನ್ನು ನಾನು ಹತ್ತಿರದಿಂದ ಕಂಡೆ. ಪತ್ರಿಕೆಗಳ ಮುಖಪುಟಕ್ಕೆ ಚಿತ್ರ ಕೊಡುತ್ತಿದ್ದ ಮೇಡಂ ಬಕೆಟ್ ಬೋರಲು ಹಾಕಿಕೊಂಡು ಕೂತು, ಪ್ರಿಂಟ್ ಒಣಗುವವರೆಗೆ ಟೀ ಕುಡಿಯುತ್ತಿದ್ದರು. ಹಕ್ಕಿಗಳ ಚಿತ್ರಕ್ಕೆ ಹೊರದೇಶಗಳಲ್ಲೂ ಹೆಸರಾಗಿದ್ದವರನ್ನು ನಾವು ಹಕ್ಕಿ ಸಾಹೇಬರು ಎನ್ನುತ್ತಿದ್ದೆವು. ಅವರು ತಲೆ ತಗ್ಗಿಸಿ ಒಳಗೆ ಬಂದರೆ ಸಾಕು, ಮಾವ ಶುರು ಮಾಡುತ್ತಿದ್ದರು:

"ಸಾರ್, ಈ ಸಲವಾದ್ರೂ ಹಕ್ಕಿ ಇದೆಯಾ, ಇಲ್ಲ ಬರೀ ಕೊಂಬೇನಾ?"

"ಕೊಂಬೆನೇ ಕಣಯ್ಯಾ. ನೀನೇ ತೊಳೆದು ಒಂದು ಹಕ್ಕಿ ತೆಗಿ."

ಆ ನಗುವಿನಲ್ಲಿ ಪಾಲು ಸಿಕ್ಕಿದ್ದಕ್ಕೇ ನನ್ನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ.

ಮಾವನ ಬಾಟಲಿಗಳಿಗೆ ಚೀಟಿ ಇರಲಿಲ್ಲ. ಎರಡೂ ಕಂದು, ಒಂದೇ ಅಳತೆ. ಮೂಸಿ ನೋಡಿ ಸುರಿಯುತ್ತಿದ್ದರು: ಮೂಗಿಗೆ ಹುಳಿ ಹೊಡೆದರೆ ಫಿಕ್ಸರ್, ಇಲ್ಲದಿದ್ದರೆ ಡೆವಲಪರ್. ಡೆವಲಪರ್ ಚಿತ್ರವನ್ನು ಮೂಡಿಸುತ್ತದೆ. ಮೂಡದೆ ಉಳಿದದ್ದನ್ನು ಫಿಕ್ಸರ್ ಕರಗಿಸುತ್ತದೆ. ಕ್ರಮ ತಪ್ಪಿದರೆ ಏನೂ ಉಳಿಯದು. ನನಗೆ ಈ ಮೂಗಿನ ಶಾಸ್ತ್ರ ಸರಿಕಾಣಲಿಲ್ಲ. ಒಂದು ಸಂಜೆ ಖಾಲಿ ಬಾಟಲಿಗಳನ್ನು ತೊಳೆದು ಚೀಟಿ ಅಂಟಿಸಿದೆ. ಬೆಳಿಗ್ಗೆ ದ್ರಾವಣ ಬೆರೆಸಿ ತುಂಬಿದೆ. ಚೀಟಿಗಳು ಗೋಡೆಯ ಕಡೆಗಿದ್ದವು. ತಿರುಗಿಸಿ ನೋಡಲಿಲ್ಲ.

ಅಂದೇ ಹಕ್ಕಿ ಸಾಹೇಬರು ಒಂದು ರೋಲ್ ತಂದರು. ಮರದ ಮೇಲೆ ಅಟ್ಟಣೆ ಕಟ್ಟಿ, ಇಪ್ಪತ್ತೆರಡು ದಿನ ಕೂತು ತೆಗೆದದ್ದು. ಮಾವ ಅಭ್ಯಾಸದಂತೆ ಬಾಟಲಿಯನ್ನು ಮೂಗಿನ ಹತ್ತಿರ ತಂದರು.

"ಮಾವ, ಚೀಟಿ ಇದೆಯಲ್ಲ, ಇನ್ನೂ ಮೂಸ್ತೀರಾ?" ಎಂದೆ.

"ಹೌದಪ್ಪ, ಓದಿದವನು ಬರ್ದಿದೀಯ" ಎಂದು ನಕ್ಕು, ಮೂಸದೆಯೇ ಸುರಿದರು.

ಹೊರಬಂದ ಫಿಲ್ಮ್ ಗಾಜಿನಂತೆ ಖಾಲಿ. ಮಾವ ಬಾಟಲಿ ಮೂಸಿದರು, ಚೀಟಿ ನೋಡಿದರು, ನನ್ನನ್ನು ನೋಡಿದರು. ಡೆವಲಪರ್ ಎಂದು ಬರೆದ ಬಾಟಲಿಗೆ ನಾನು ಫಿಕ್ಸರ್ ತುಂಬಿದ್ದೆ. ಕೈ ಒರೆಸಿಕೊಂಡು ಹೊರಗೆ ಹೋಗಿ, "ಸಾರ್, ನನ್ನ ಕೈ ತಪ್ತು" ಎಂದರು. ಹಕ್ಕಿ ಸಾಹೇಬರು ಬೈಯಲಿಲ್ಲ. ಫಿಲ್ಮನ್ನು ಒಮ್ಮೆ ಬೆಳಕಿಗೆ ಹಿಡಿದು, ಇನ್ನೊಮ್ಮೆ ಹಿಡಿದು, ಹೊರಟುಹೋದರು. ನಾನು ಎರಡು ಹೆಜ್ಜೆ ಹಿಂದೆ, ಬಾಯಿಗೆ ಬೀಗ ಹಾಕಿಕೊಂಡು ನಿಂತಿದ್ದೆ.

ಮಾಲೀಕರು ಮಾವನನ್ನು ಪ್ರಿಂಟುಗಳ ಅಂಚು ಕತ್ತರಿಸುವ ಮೇಜಿಗೆ ಹಾಕಿದರು. ಕತ್ತಲೆಕೋಣೆ ನನ್ನದಾಯಿತು. ಮನೆಗೆ ಹೋಗುವ ದಾರಿಯಲ್ಲಿ, "ನಾಳೆ ಹೇಳ್ಬಿಡ್ತೀನಿ ಮಾವ" ಎಂದೆ.

"ಸುಮ್ನಿರೋ. ನಂಗಿನ್ನು ಎಷ್ಟು ವರ್ಷ? ನೀನು ಈಗ ತಾನೇ ಕಾಲೂರಿದೀಯ."

ಆ ಮಾತು ಕೇಳಿ ನನಗೆ ಹಾಯೆನಿಸಿತು. ತಪ್ಪಿಗಿಂತ ಹೆಚ್ಚಾಗಿ ಆ ಹಾಯಿಗೆ ನಾನು ಇಂದಿಗೂ ನಾಚುತ್ತೇನೆ.

ಮುಂದಿನ ಎರಡು ವರ್ಷ ಹಕ್ಕಿ ಸಾಹೇಬರು ರೋಲುಗಳನ್ನು ನನಗೇ ಕೊಟ್ಟರು. ಒಂದು ದಿನ ನೆಗೆಟಿವ್ ನೋಡುತ್ತ, ಮಾವನ ಮೇಜಿನ ಪಕ್ಕದಲ್ಲೇ ನಿಂತು, "ನಿನ್ನ ಕೈಯಲ್ಲಿ ಒಂದು ರೋಲೂ ಹಾಳಾಗಿಲ್ಲ ನೋಡು" ಎಂದರು.

ಮಾವ ಕತ್ತರಿಸುವುದನ್ನು ನಿಲ್ಲಿಸದೆ, "ನಮ್ಮಕ್ಕನ ಮಗ ಅಲ್ವಾ ಸಾರ್" ಎಂದರು. ದನಿಯಲ್ಲಿ ಹೆಮ್ಮೆಯಿತ್ತು, ಕೊಂಕಿರಲಿಲ್ಲ.

ನಾನು "ಥ್ಯಾಂಕ್ಸ್ ಸಾರ್" ಎಂದೆ.