ಹಲ್ಲುನೋವಿನ ನೆಪ

ಮೊನ್ನೆ ನಮ್ಮ ಕಾಲೇಜಿನ ಸಿಬ್ಬಂದಿ ಕೊಠಡಿಯಲ್ಲಿ ಸಹೋದ್ಯೋಗಿಯೊಬ್ಬರು ಹತ್ತಿಯನ್ನು ಲವಂಗದ ಎಣ್ಣೆಯಲ್ಲಿ ಅದ್ದಿ ದವಡೆಗೆ ಇಟ್ಟುಕೊಂಡರು. ಆ ವಾಸನೆ ಮೂಗಿಗೆ ತಾಕಿದೊಡನೆ ನನ್ನ ಕೈ ತಾನಾಗಿ ಕೆನ್ನೆಗೆ ಹೋಯಿತು. ತಾವು ನಂಬಬೇಕು, ನನ್ನ ಹಲ್ಲುಗಳು ಇಂದಿಗೂ ಗಟ್ಟಿಯಾಗಿವೆ. ಆದರೂ ಕೊಟ್ಟೂರಿನ ನಮ್ಮ ಓಣಿಯಲ್ಲಿ ನಾನು ಬಹಳ ಕಾಲ ಹಲ್ಲುನೋವಿನ ರೋಗಿಯೆಂದೇ ಪ್ರಸಿದ್ಧನಾಗಿದ್ದೆ.

ತೊಂಬತ್ತರ ದಶಕದ ಕೊನೆಯ ಮಾತು. ನಮ್ಮ ಮನೆತನದಲ್ಲಿ ಪದವಿ ಪಡೆದವನು ನಾನೇ ಮೊದಲು. ಓಣಿಯವರ ಪರವಾಗಿ ಬ್ಯಾಂಕಿನಲ್ಲಿ, ತಾಲ್ಲೂಕು ಕಚೇರಿಯಲ್ಲಿ ಶುದ್ಧವಾಗಿ ಮಾತನಾಡುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಅಂಥವನಿಗೆ ಒಂದು ಬೇಸಗೆಯಲ್ಲಿ ಸ್ವಂತದ ಮಾತೇ ನಿಂತುಹೋಯಿತು. ಅದನ್ನು ದುಃಖವೆಂದರೆ ತಪ್ಪಾದೀತು. ದುಃಖಕ್ಕೆ ಒಂದು ಕಾರಣವಿರುತ್ತದೆ, ಅತ್ತರೆ ಹಗುರಾಗುತ್ತದೆ. ಇದು ಬೇರೆ. ಎಚ್ಚರವಾದರೂ ಗೋಡೆ ನೋಡುತ್ತ ಬಿದ್ದಿರುವುದಷ್ಟೇ, ಏಳಲಾಗದು, ಹಸಿದರೂ ತುತ್ತು ಇಳಿಯದು, ಸ್ನಾನದಂಥ ಸಣ್ಣ ಕೆಲಸವೂ ಬೆಟ್ಟದಷ್ಟು ದೊಡ್ಡದು. ನನಗೆ ಪ್ರಾಣಪ್ರಿಯವಾದ ಮಿರ್ಚಿ ಮಂಡಕ್ಕಿ ಕೂಡ ಬಾಯಲ್ಲಿ ಕಾಗದದಂತಾಗಿತ್ತು. ಅಪ್ಪ ಅದನ್ನು ಓದಿದವರ ಸೋಮಾರಿತನವೆಂದರು. ಅವ್ವ ಉಜ್ಜಿನಿಗೆ ಹೋಗಿ ಹರಕೆ ಹೊತ್ತು ಬಂದಳು. ಆಮೇಲೆ ನನ್ನ ಕೈಹಿಡಿದು ಊರಿನ ವೈದ್ಯರ ಬಳಿಗೂ ಎಳೆದೊಯ್ದಳು. ಅವರು ಎಲ್ಲ ಪರೀಕ್ಷೆ ಮುಗಿಸಿ, ಇದು ಖಿನ್ನತೆ, ದಾವಣಗೆರೆಯಲ್ಲಿ ಆಪ್ತಸಮಾಲೋಚನೆ ಮಾಡುವವರಿದ್ದಾರೆ, ತಡಮಾಡಬೇಡಿ ಎಂದರು.

ಆದರೆ ಆಗ ತಂಗಿಗೆ ಹರಪನಹಳ್ಳಿಯಿಂದ ಸಂಬಂಧ ಬಂದಿತ್ತು. ‘ಅಣ್ಣಗ ತಲಿ ಸರಿ ಇಲ್ಲಂತ’ ಎಂಬ ಒಂದು ಮಾತು ಬಸ್ಸು ಹತ್ತಿ ಅಲ್ಲಿಗೆ ತಲುಪಿದರೆ ಸಾಕು, ಆ ಮಾತುಕತೆ ಮುರಿದಂತೆಯೇ. ನಮ್ಮಲ್ಲಿ ದವಾಖಾನೆಗೆ ಯಾರೂ ಗುಟ್ಟಾಗಿ ಹೊರಡಲಾಗುವುದಿಲ್ಲ; ಯಾರಿಗೆ, ಏನಾಗಿದೆ ಎಂದು ಕೇಳಿಯೇ ಕಟ್ಟೆಯ ಮೇಲಿನವರು ದಾರಿ ಬಿಡುತ್ತಾರೆ. ದಾವಣಗೆರೆಗೆ ಹೊರಟ ದಿನ ಅವ್ವ ತಡವರಿಸದೆ, “ಇವನ ಹಲ್ಲು ತೋರ್ಸಾಕ ಹೊಂಟೇವಿ” ಎಂದಳು.

ದಾವಣಗೆರೆಯ ಸಮಾಲೋಚಕಿ ನಡುವಯಸ್ಸಿನವರು. ಮೌಖಿಕ ಪರೀಕ್ಷೆಗೆ ಬಂದವನಂತೆ ನಾನು ಎದ್ದು ನಿಂತೆ.

“ಮೇಡಂ, ನನ್ನಲ್ಲಿ ಉತ್ಸಾಹದ ಅಭಾವವು ಕಂಡುಬಂದಿದೆ.”

ಅವರು ನಗಲಿಲ್ಲ. “ಕೂತ್ಕೊಳ್ರಿ. ಇದನ್ನೇ ನಿಮ್ಮ ಅವ್ವಗೆ ಹೆಂಗೆ ಹೇಳ್ತೀರಿ?”

ಬಹಳ ಹೊತ್ತು ಹುಡುಕಿದೆ. “ಏಳಾಕ ಆಗವಲ್ದವ್ವ” ಎನ್ನುವಷ್ಟರಲ್ಲಿ, ತಿಂಗಳುಗಳಿಂದ ಬಾರದ ಅಳು ಬಂದುಬಿಟ್ಟಿತು.

“ಮನಸ್ಸು ಗಟ್ಟಿ ಮಾಡ್ಕೊಳ್ರಿ ಅಂತ ನಾನು ಹೇಳಲ್ಲ,” ಎಂದರು ಅವರು. “ಅದನ್ನ ಹೇಳೋರು ಊರಲ್ಲಿ ಬೇಕಾದಷ್ಟು ಜನ ಇರ್ತಾರೆ. ಇದು ನಿಮ್ಮ ತಪ್ಪಲ್ಲ, ಕಾಯಿಲೆ. ಡಾಕ್ಟ್ರು ಬರೆದುಕೊಟ್ಟ ಮಾತ್ರೆ ತಗೊಳ್ರಿ, ಬಂದು ಮಾತಾಡ್ತಾ ಇರ್ರಿ.”

ಇತ್ತ ಓಣಿಯವರು ನನ್ನ ಹಲ್ಲನ್ನು ಪ್ರಾಮಾಣಿಕವಾಗಿ ವಹಿಸಿಕೊಂಡಿದ್ದರು. ಒಬ್ಬರು ಲವಂಗದ ಎಣ್ಣೆ ಕೊಟ್ಟರು, ಇನ್ನೊಬ್ಬರು ಮೆತ್ತಗಿನ ಗಂಜಿ ಕಳಿಸಿದರು. ಕಟ್ಟೆಯ ಮೇಲಿನ ಕೊಟ್ರಜ್ಜ ನನ್ನ ಗದ್ದ ಹಿಡಿದು ಬಾಯಿ ತೆಗೆಸಿಯೇ ಬಿಟ್ಟ.

“ಎಲ್ಲಾ ಮುತ್ತಿನಂಗ ಅದಾವಲ್ಲೋ!”

“ಒಳಗ ಹುಳ ಐತಜ್ಜ.”

“ಹಂಗಾರ ಭಾಳ ಒಳಗ ಐತಿ ಬಿಡು,” ಎಂದು ಅವನು ಗದ್ದ ಬಿಟ್ಟ.

ಒಂದು ಮಧ್ಯಾಹ್ನ ಎದುರುಮನೆಯ ಪಾರಕ್ಕ ಬಂದಳು. ಅವಳ ಮಗಳು ಬಾಣಂತನಕ್ಕೆಂದು ತವರಿಗೆ ಬಂದಿದ್ದಳು. ಪಾರಕ್ಕ ನನ್ನ ಮುಖ ನೋಡದೆ, ಸೆರಗಿನ ಅಂಚು ಸುತ್ತುತ್ತ ಹೇಳಿದಳು:

“ಕೂಸಿನ್ನ ಎತ್ಗಳಾಕ ಒಲ್ಲೆ ಅಂತಾಳಪ. ನಿನ್ನಂಗ ಗ್ವಾಡಿ ನೋಡ್ಕಂತ ಕುಂದ್ರತಾಳ. ಆ ನಿನ್ನ ಹಲ್ಲಿನ ಡಾಕ್ಟ್ರು ಹೆಣ್ಮಕ್ಕಳ್ನೂ ನೋಡ್ತಾರೇನು?”

ಅವಳ ತಮ್ಮನ ಮನೆ ಹರಪನಹಳ್ಳಿಯಲ್ಲಿ, ಆ ವರನ ಓಣಿಯಲ್ಲಿಯೇ ಇತ್ತು. ಹೌದು, ಆದರೆ ಹಲ್ಲು ಮಾತ್ರ ನೋಡುತ್ತಾರೆ ಎಂದಿದ್ದರೆ ಅವಳು ಮರುಮಾತಿಲ್ಲದೆ ಎದ್ದುಹೋಗುತ್ತಿದ್ದಳು.

“ಅವ್ರು ಹಲ್ಲಿನ ಡಾಕ್ಟ್ರಲ್ಲ, ಪಾರಕ್ಕ. ಮನಸ್ಸಿಂದು ನೋಡ್ತಾರ. ನನಗೂ ಅದ ಆಗೈತಿ.”

“ಗೊತ್ತೈತಪ,” ಎಂದಳು. “ಹಲ್ಲು ನೋಯೋರು ಇಷ್ಟು ಸುಮ್ಕಿರಂಗಿಲ್ಲ.”

ಸಂಜೆ ವಿಷಯ ತಿಳಿದ ಅವ್ವ ಒಲೆಯ ಮುಂದೆಯೇ ತಿರುಗಿ ಕೇಳಿದಳು: “ತಂಗಿ ಬಾಳೇವು ನೆಪ್ಪಿಲ್ಲೇನು ನಿನಗ?” ಮತ್ತೆ ಒಲೆಯತ್ತ ತಿರುಗಿ ಎರಡು ರೊಟ್ಟಿ ಬಡಿದಳು. ಆಮೇಲೆ, “ಆ ಹುಡುಗಿ ಬಸ್ಸಿನ್ಯಾಗ ಕುಂತ್ರ ಕೂಸಿನ್ನ ಯಾರು ಹಿಡ್ಕಂತಾರಂತ?” ಎಂದಳು.

ಮುಂದಿನ ಸಲ ಕೂಸು ದಾವಣಗೆರೆಯವರೆಗೂ ಅವ್ವನ ತೊಡೆಯ ಮೇಲೆಯೇ ಮಲಗಿತ್ತು. ಹೊರಡುವಾಗ ಕಟ್ಟೆಯವರು ಕೇಳಿದ್ದಕ್ಕೆ ಅವ್ವ ಪಾರಕ್ಕನ ಮಗಳತ್ತ ಕೈಮಾಡಿ ಹೇಳಿದ್ದು ಇಷ್ಟೇ: “ಇಕಿಗೂ ಹಲ್ಲು.” ಯಾರೂ ನಗಲಿಲ್ಲ. ಪಾರಕ್ಕನ ಬಾಯಿಂದ ಹರಪನಹಳ್ಳಿಗೆ ಒಂದು ಮಾತೂ ಹೋಗಲಿಲ್ಲ. ತಂಗಿಯ ಮದುವೆ ಅಲ್ಲಿಯೇ ಆಯಿತು. ಪಾರಕ್ಕನ ಮಗಳು ಮಳೆಗಾಲದ ಹೊತ್ತಿಗೆ ಕೂಸಿಗೆ ತಾನೇ ನೀರೆರೆದು ತೊಟ್ಟಿಲಿಗೆ ಹಾಕತೊಡಗಿದಳು. ನಾನು ಚೇತರಿಸಿಕೊಳ್ಳಲು ಇನ್ನೂ ಹೆಚ್ಚು ಕಾಲ ಹಿಡಿಯಿತು.

ಈ ಕಾಯಿಲೆ ಮತ್ತೆ ಬಂದರೂ ಬರಬಹುದೆಂದು ಆ ಮೇಡಂ ಆಗಲೇ ಎಚ್ಚರಿಸಿದ್ದರು. ಈ ವರ್ಷ ಬಂದಿದೆ. ಪ್ರಾಧ್ಯಾಪಕನೆಂಬ ಹೆಸರು ಕೆಟ್ಟೀತೆಂಬ ಭಯದಿಂದ ದಾವಣಗೆರೆಗೆ ಹೋಗುವುದನ್ನು ವಾರಗಳ ಕಾಲ ಮುಂದೂಡುತ್ತಲೇ ಇದ್ದೆ. ಇಂದು ಬೆಳಿಗ್ಗೆ ಈಗ ನಾನಿರುವ ಹಗರಿಬೊಮ್ಮನಹಳ್ಳಿಯ ಮನೆಯ ಗೇಟು ಹಾಕಿಕೊಳ್ಳುತ್ತಿದ್ದಾಗ ಪಕ್ಕದ ಮನೆಯ ನಿವೃತ್ತ ಗುಮಾಸ್ತರು ಕೇಳಿದರು.

“ಎಲ್ಲಿಗ್ರಿ ಮೇಷ್ಟ್ರ, ಇಷ್ಟು ಲಗೂನ?”

“ದಾವಣಗೆರೆಗೆ. ಮನಸ್ಸಿನ ಡಾಕ್ಟರ ಹತ್ತಿರ.”

ಅವರು ನನ್ನನ್ನೊಮ್ಮೆ, ಖಾಲಿ ರಸ್ತೆಯನ್ನೊಮ್ಮೆ ನೋಡಿದರು.

“ಒಬ್ರ ಹೊಂಟೀರೇನು?”

“ಹೌದ್ರಿ.”

“ತಡೀರಿ,” ಎಂದರು, “ಅಂಗಿ ಹಾಕ್ಕಂಡು ಬರ್ತೀನಿ.”