ಕೊನೆಯವಳು ಬಂದಾಗ ಕಮಾನು ವಾಲಿತ್ತು

ಕಳೆದ ಭಾನುವಾರ ಬೆಳಿಗ್ಗೆ ಶಿವಮೊಗ್ಗದ ಗೋಪಾಳದ ನಮ್ಮ ಮನೆಯ ಕಾಲಿಂಗ್ ಬೆಲ್ ಒಂದೇ ಸಮನೆ ಹೊಡೆದುಕೊಂಡಿತು. ಹಾಲಿನವನಿರಬೇಕು ಎಂದು ಪಾತ್ರೆ ಹಿಡಿದೇ ಬಾಗಿಲು ತೆಗೆದೆ. ಎದುರಿಗೆ ನಿಂತಿದ್ದವಳು ನನ್ನ ವಾರಗಿತ್ತಿ ಸವಿತಾ. ಟೀ ಶರ್ಟು, ಟ್ರ್ಯಾಕ್ ಪ್ಯಾಂಟು, ತಲೆಯಿಂದ ಕಾಲಿನವರೆಗೆ ಬೆವರು.

"ಏನಾಯ್ತೇ ಮಾರಾಯ್ತಿ? ಬಸ್ ಸಿಗ್ಲಿಲ್ವಾ?"

"ಸಿಕ್ತು ಅಕ್ಕ. ಬೇಡ ಅಂತ ಬಿಟ್ಟು ಓಡ್ಕೊಂಡೇ ಬಂದೆ."

ಎಲ್ಲಿಂದ? ಭದ್ರಾವತಿಯ ಜನ್ನಾಪುರದಿಂದ! ಮಾಚೇನಹಳ್ಳಿ, ಮಲವಗೊಪ್ಪ ಎಲ್ಲ ದಾಟಿಕೊಂಡು, ಹತ್ತಿರ ಹತ್ತಿರ ಇಪ್ಪತ್ತು ಕಿಲೋಮೀಟರ್! (ಅದೇ ದಾರಿಯಲ್ಲಿ ಬಸ್ಸಿನಲ್ಲಿ ಸೀಟು ಸಿಗದೆ ನಿಂತು ಬಂದರೆ, ಸಂಜೆಯವರೆಗೂ ಸೊಂಟನೋವಿನ ಕಥೆ ಹೇಳುವವಳು ನಾನು.)

"ಹುಚ್ಚಾ ನಿಂಗೆ? ಇವತ್ತು ಪ್ರೋಗ್ರಾಂ ಇಟ್ಕೊಂಡು?"

"ಅದಕ್ಕೇ ಅಕ್ಕ. ಮೈಕ್ ಮುಂದೆ ಮಾತಾಡ್ಬೇಕಲ್ಲ ಅಂತ ರಾತ್ರಿಯೆಲ್ಲಾ ನಿದ್ದೆ ಮಾಡಿಲ್ಲ. ಬಸ್ಸಲ್ಲಿ ಕೂತಿದ್ರೆ ಅರ್ಧ ದಾರೀಲೇ ಇಳಿದು ವಾಪಸ್ ಹೋಗಿರ್ತಿದ್ದೆ. ಓಡೋವಾಗ ಹೆದರಿಕೆ ಆಗಲ್ಲ."

ಹಿಂದೆಯೇ ಸ್ಕೂಟರಿನಲ್ಲಿ ಅವಳ ಗಂಡ, ನನ್ನ ಮೈದುನ ಗಿರೀಶ ಬಂದ. ಅವನ ಕೈಯಲ್ಲಿದ್ದ ಬ್ಯಾಗಿನಲ್ಲಿ ಸೀರೆ, ಬಾಚಣಿಗೆ, ಬಳೆ, ಎಲ್ಲವೂ ಇದ್ದವು. ಇವಳು ಸ್ನಾನ ಮುಗಿಸಿ, ಆರು ಇಡ್ಲಿ ತಿಂದು, ಇನ್ನೆರಡು ಹಾಕಿಸಿಕೊಂಡಳು. ಹೆದರಿದವರು ಹೀಗೆ ತಿನ್ನುವುದನ್ನು ನಾನು ಕಂಡದ್ದು ಅದೇ ಮೊದಲು.

ಪ್ರೋಗ್ರಾಂ ಏನೆಂದು ಹೇಳಿಬಿಡುತ್ತೇನೆ. ಶಿವಮೊಗ್ಗ, ಭದ್ರಾವತಿಯ ಓಟಗಾರರು, ಸೈಕಲ್ ತುಳಿಯುವವರು, ಬೆಟ್ಟ ಹತ್ತುವವರು ಸೇರಿ ಒಂದು ಸಣ್ಣ ಹಾಲ್ ಹಿಡಿದಿದ್ದರು. ಭಾಷಣವಿಲ್ಲ, ಸನ್ಮಾನವಿಲ್ಲ, ಶಾಲು ಹಾರವಿಲ್ಲ. ಎಲ್ಲರೂ ತಂತಮ್ಮ ಕಥೆ ಹೇಳಬೇಕು, ಅಷ್ಟೆ. ಇದಕ್ಕೆಲ್ಲ ಮುಂದೆ ನಿಂತವನು ಇಮ್ತಿಯಾಜ್. ಭದ್ರಾವತಿಯ ಓಲ್ಡ್ ಟೌನಿನಲ್ಲಿ ಟೂವೀಲರ್ ಗ್ಯಾರೇಜ್ ಇಟ್ಟಿರುವ ಹುಡುಗ. ಹುಡುಗ ಎಂದೆ, ನಲವತ್ತು ದಾಟಿದೆ. ಆದರೆ ಬೆಳಗ್ಗೆ ಎದ್ದು ಓಡುವವರಿಗೆ ವಯಸ್ಸು ಯಾಕೋ ಬೇಗ ಅಂಟಿಕೊಳ್ಳುವುದಿಲ್ಲ. ಸವಿತಾಳಿಗೆ ಓಟದ ರುಚಿ ಹತ್ತಿಸಿದವನೂ ಅವನೇ.

ಸವಿತಾ ಜನ್ನಾಪುರದಲ್ಲಿ ಬ್ಲೌಸ್ ಹೊಲಿಯುತ್ತಾಳೆ. ಗಿರೀಶ ಭದ್ರಾವತಿಯ ಕಾರ್ಖಾನೆಯೊಂದರಲ್ಲಿ ಯಂತ್ರ ಜೋಡಿಸುವ ಫಿಟ್ಟರ್ ಆಗಿದ್ದ. ಕಾರ್ಖಾನೆ ನಿಂತಿತು. ಅವನೂ ನಿಂತುಬಿಟ್ಟ. ಕುಡಿಯಲಿಲ್ಲ, ಜಗಳವಾಡಲಿಲ್ಲ. ಟೀವಿ ಮುಂದೆ ಕೂತವನು ಏಳಲಿಲ್ಲ, ಅಷ್ಟೆ. ಹಬ್ಬಕ್ಕೆ ಕರೆದರೆ ಬರುತ್ತಿರಲಿಲ್ಲ. ಫೋನ್ ಮಾಡಿದರೆ "ಹ್ಞೂಂ ಅತ್ತಿಗೆ, ಚೆನ್ನಾಗಿದೀನಿ" ಎಂದು ಇಟ್ಟುಬಿಡುತ್ತಿದ್ದ. ಚೆನ್ನಾಗಿದ್ದವರು ಅಷ್ಟು ಬೇಗ ಫೋನ್ ಇಡುತ್ತಾರೆಯೇ?

ಮುಂದಿನದನ್ನು ನಾನು ಹೇಳುವುದಕ್ಕಿಂತ ಅವಳ ಬಾಯಲ್ಲೇ ಕೇಳಿ.

ಹಾಲ್ ತುಂಬಿತ್ತು. ಮೊದಲು ಹಿಮಾಲಯದ ಶಿಖರ ಹತ್ತಿ ಬಂದ ಒಬ್ಬ ಎಂಜಿನಿಯರ್ ಮಾತಾಡಿದರು. ಅವರು ಹಾಕಿದ ವಿಡಿಯೊ ನೋಡಿ ಬೆವರುತ್ತ ಕೂತಿದ್ದವರಿಗೂ ಚಳಿಯಾಯಿತು. ಅದು ಮುಗಿದು ಚಪ್ಪಾಳೆ ಇನ್ನೂ ಬೀಳುತ್ತಿರುವಾಗಲೇ ಇಮ್ತಿಯಾಜ್ ಕರೆದ, "ಈಗ ನಮ್ಮ ಸವಿತಕ್ಕ!"

ತೋರಿಸಲು ಅವಳು ವಿಡಿಯೊ ತಂದಿರಲಿಲ್ಲ, ಫೋಟೊ ತಂದಿರಲಿಲ್ಲ. ಮೈಕ್ ಹಿಡಿದಳು, ಸೆರಗು ಸರಿ ಮಾಡಿಕೊಂಡಳು. ಮತ್ತೆ ಸರಿ ಮಾಡಿಕೊಂಡಳು, ಮತ್ತೆ. ಎಷ್ಟು ಹೊತ್ತು! ಮೊದಲ ಸಾಲಿನಲ್ಲಿ ಕೂತ ನಾನೂ ನನ್ನ ಸೆರಗು ಸರಿ ಮಾಡಿಕೊಂಡೆ. ಪಕ್ಕದಲ್ಲಿದ್ದ ಗಿರೀಶ ತಲೆ ತಗ್ಗಿಸಿದ್ದ. ಅವಳು ಒಮ್ಮೆ ಬಾಗಿಲ ಕಡೆ ನೋಡಿದಳು. ಓಡಿಬಿಟ್ಟರೆ ಹಿಡಿಯುವವರು ಯಾರು? ಅಲ್ಲಿದ್ದವರಲ್ಲಿ ಕೆಲವರು ಹಿಡಿದಾರು, ನಾನಂತೂ ಅಲ್ಲ.

"ನಮಸ್ಕಾರ," ಎಂದಳು ಕೊನೆಗೆ. "ಇಲ್ಲಿ ಎಲ್ಲರೂ ಫಸ್ಟ್ ಬಂದವರು, ಸೆಕೆಂಡ್ ಬಂದವರು ಇದ್ದೀರಿ. ನಾನು ಲಾಸ್ಟ್ ಬಂದವಳು."

ಹಾಲ್ ನಕ್ಕಿತು. ಅವಳೂ ನಕ್ಕಳು. ಆಮೇಲೆ ಅವಳನ್ನು ಯಾರಿಂದಲೂ ತಡೆಯಲಾಗಲಿಲ್ಲ.

"ಇವರು ಮನೇಲಿ ಕೂತ ಮೇಲೆ ನಂಗೆ ಉಸಿರು ಕಟ್ಟೋ ಹಾಗಾಗ್ತಿತ್ತು. ಬೆಳಿಗ್ಗೆ ಎದ್ದು ಕಾರ್ಖಾನೆ ಕ್ವಾರ್ಟರ್ಸ್ ಕಡೆ ನಡೆಯೋಕೆ ಹೋಗ್ತಿದ್ದೆ. ಅಲ್ಲಿ ದೊಡ್ಡ ದೊಡ್ಡ ಮರ, ಖಾಲಿ ರೋಡು. ಯಾರೂ ಇಲ್ಲ ಅಂತ ಒಂದಿನ ಸೀರೆ ಎತ್ತಿ ಕಟ್ಟಿ ಓಡೇ ಬಿಟ್ಟೆ. ಹಿಂದಿಂದ ಇಮ್ತಿಯಾಜಣ್ಣ ಓಡ್ಕೊಂಡು ಬಂದು, 'ಅಕ್ಕ, ಕಾಲು ಚೆನ್ನಾಗಿ ಬೀಳ್ತಿದೆ, ಚಪ್ಪಲಿ ಬಿಟ್ಟು ಶೂ ಹಾಕಿ' ಅಂದ್ರು. ಕಾಲು ಯಾಕೆ ಚೆನ್ನಾಗಿ ಬೀಳಲ್ಲ? ಮದುವೆ ಆದಾಗಿಂದ ಹೊಲಿಗೆ ಮಿಷನ್ ತುಳೀತಿದೀನಿ. ಕಾಲು ಓಡ್ತಾನೇ ಇತ್ತು. ನಾನು ಮಾತ್ರ ಕೂತಲ್ಲೇ ಕೂತಿದ್ದೆ."

ಇದನ್ನು ಅವಳು ಎಲ್ಲೂ ಬರೆದುಕೊಂಡು ಬಂದಿರಲಿಲ್ಲ. ವಾರ ವಾರ ಅಂಕಣ ಬರೆಯಲು ಪೆನ್ನು ಕಚ್ಚುವ ನನ್ನಂಥವಳಿಗೆ ಇಂಥ ಸಾಲು ಕೇಳಿದರೆ ಹೊಟ್ಟೆಕಿಚ್ಚಾಗುತ್ತದೆ, ಸುಳ್ಳೇಕೆ ಹೇಳಲಿ?

ಅವಳು ಓಡಲು ಹೋದದ್ದು ಚಿಕ್ಕಮಗಳೂರು ಕಡೆಯ ಬೆಟ್ಟಗಳಲ್ಲಿ ನಡೆಯುವ ಐವತ್ತು ಕಿಲೋಮೀಟರ್ ಓಟಕ್ಕೆ. ಕಾಫಿ ತೋಟದೊಳಗೆ ಇಳಿದು, ಹುಲ್ಲಿನ ಗುಡ್ಡ ಹತ್ತಿ, ಮತ್ತೆ ಇಳಿಯಬೇಕು. ದಾರಿಯ ಒಂದೊಂದು ಗೇಟನ್ನೂ ಗಡುವಿನೊಳಗೆ ಮುಟ್ಟದಿದ್ದರೆ ಅಲ್ಲೇ ನಿಲ್ಲಿಸಿ, ಎದೆಯ ಮೇಲಿನ ನಂಬರ್ ಬಿಚ್ಚಿಸಿಕೊಂಡು ವ್ಯಾನ್ ಹತ್ತಿಸುತ್ತಾರೆ.

ಮೊದಲ ವರ್ಷ ಅವಳಿಗೆ ಆದದ್ದೂ ಅದೇ.

"ವ್ಯಾನಲ್ಲಿ ಹಿಂದಿನ ಸೀಟಲ್ಲಿ ಕೂತು ಅತ್ತೆ. ಊರಿಗೆ ಬಂದ್ರೆ ಪಕ್ಕದ ಮನೆಯವರು 'ಎಷ್ಟನೇ ಪ್ರೈಜ್ ಬಂತು?' ಅಂದ್ರು. ಬರ್ಲಿಲ್ಲ ಅಂದೆ. 'ಮತ್ತೆ ಅಷ್ಟು ದೂರ ಯಾಕೆ ಹೋಗಿದ್ದೆ?' ಅಂದ್ರು. ಶೂ ಎತ್ತಿ ಅಟ್ಟಕ್ಕೆ ಹಾಕ್ದೆ. ಇಮ್ತಿಯಾಜಣ್ಣ ಮನೆಗೆ ಬಂದು ಬೈದ್ರು. 'ಗಾಡಿ ಒಂದ್ಸಲ ಸ್ಟಾರ್ಟ್ ಆಗ್ಲಿಲ್ಲ ಅಂತ ಗುಜರಿಗೆ ಹಾಕ್ತಾರಾ ಸವಿತಕ್ಕ?' ಅಂದ್ರು. ಟೀವಿ ಮುಂದೆ ಕೂತಿದ್ದ ಇವರು ಎದ್ದು ಹೋಗಿ ಅಟ್ಟದಿಂದ ಶೂ ಇಳಿಸಿದ್ರು."

ಮರುದಿನದಿಂದ ಗಿರೀಶ ನೀರಿನ ಬಾಟಲಿ ಇಟ್ಟುಕೊಂಡು ಸ್ಕೂಟರಿನಲ್ಲಿ ಅವಳ ಹಿಂದೆ ಹೋಗತೊಡಗಿದ. ನಾಚಿಕೆಗೆ ಸ್ವಲ್ಪ ದೂರ ಬಿಟ್ಟು ಹೋಗುತ್ತಿದ್ದನಂತೆ, ಗುರುತೇ ಇಲ್ಲದವನ ಹಾಗೆ. ಒಂದು ದಿನ ವಾಕಿಂಗ್ ಬಂದ ಅಜ್ಜನೊಬ್ಬರು ಸ್ಕೂಟರಿಗೆ ಕೋಲು ಅಡ್ಡ ಹಿಡಿದರು. "ಏಯ್! ದಿನಾ ನೋಡ್ತಿದೀನಿ, ಆ ಹೆಣ್ಣುಮಗಳ ಹಿಂದೆ ಬಿದ್ದಿದೀಯಲ್ಲ, ಮಾನ ಮರ್ಯಾದೆ ಇಲ್ವಾ?"

"ನನ್ನ ಹೆಂಡ್ತಿ ಸ್ವಾಮಿ ಅವಳು!"

"ಹೆಂಡ್ತಿಯಾದ್ರೆ ಪಕ್ಕದಲ್ಲಿ ಹೋಗಪ್ಪ, ಹಿಂದೆ ಯಾಕೆ ಕದ್ದು ಬರ್ತೀಯ?"

ಅಂದಿನಿಂದ ಅವನು ಪಕ್ಕದಲ್ಲೇ ಹೋದ. ಅವಳು ಇದನ್ನು ಹೇಳಿದಾಗ ಹಾಲಿನಲ್ಲಿದ್ದವರು ಬಿದ್ದು ಬಿದ್ದು ನಕ್ಕರು. ಗಿರೀಶನ ಕಿವಿ ಕೆಂಪಾಗಿತ್ತು.

ಎರಡನೇ ವರ್ಷ ಗಿರೀಶನೂ ಜತೆಗೆ ಹೋದ. ಓಡುವವರು ಬೆಟ್ಟದೊಳಗೆ ಹೋದರೆ ಕಾಯುವವರು ಫಿನಿಶ್ ಲೈನಿನಲ್ಲಿ. ಅಂದು ಮಳೆ. ರಕ್ತ ಹೀರುವ ಇಂಬಳಗಳು ಕಾಲಿಗೆ ಅಂಟಿ ಜೋತಾಡುತ್ತಿದ್ದವು. ಇಳಿಜಾರಿನಲ್ಲಿ ಅವಳು ಎರಡು ಸಲ ಬಿದ್ದಳು. ಕಾಲ್ಬೆರಳಿನ ಉಗುರು ಎದ್ದಿತು.

"ಹೋದ ವರ್ಷ ನನ್ನನ್ನ ನಿಲ್ಲಿಸಿದ ಜಾಗ ಬಂತು. ಈ ಸಲ ಗೇಟು ತೆರೆದಿತ್ತು. ಅಲ್ಲಿದ್ದ ಹುಡುಗಿ 'ಆಂಟಿ, ಬೇಗ ಬೇಗ' ಅಂದ್ಲು. ದಾಟಿ ಆಚೆ ಹೋದ ಮೇಲೆ ನಂಗೆ ಒಂದೇ ಖುಷಿ. ಯಾಕೆ ಗೊತ್ತಾ? ಅಲ್ಲಿಂದ ಮುಂದೆ ಇರೋ ಬೆಟ್ಟ ನಾನು ನೋಡೇ ಇರ್ಲಿಲ್ಲ! ಹಿಂದೆ ಯಾರೂ ಇಲ್ಲ, ಮುಂದೆ ಯಾರೂ ಕಾಣ್ತಿಲ್ಲ. ಇಡೀ ಗುಡ್ಡ ನಂದೇ ಅನ್ನಿಸ್ತು. ಜೋರಾಗಿ ಕೂಗ್ದೆ. ಆಚೆ ಗುಡ್ಡಾನೂ ಕೂಗ್ತು. ಮನೇಲಿ ಅಷ್ಟು ಜೋರಾಗಿ ಕೂಗೋಕಾಗುತ್ತಾ?"

ಹೆಂಗಸರ ಸಾಲಿನಿಂದ ಯಾರೋ "ಇಲ್ಲಾ!" ಎಂದು ಕೂಗಿದರು. ಹಾಲಿನೊಳಗೂ ಹಾಗೆ ಕೂಗಲು ಆಗುತ್ತದೆ ಎಂದು ಆಗ ಗೊತ್ತಾಯಿತು.

"ಕೊನೇಲಿ ಕುಂಟ್ತಾ ಕುಂಟ್ತಾ ಬಂದೆ. ಗಡುವಿಗೆ ಇನ್ನೂ ಸ್ವಲ್ಪ ಟೈಮ್ ಇತ್ತು. ಗಾಳಿ ತುಂಬಿ ನಿಲ್ಲಿಸ್ತಾರಲ್ಲ, ಆ ಫಿನಿಶ್ ಕಮಾನು, ಅದು ಒಂದು ಕಡೆ ವಾಲಿತ್ತು. ಅದರ ಹತ್ರ ಇವರು ನಿಂತಿದ್ರು. ನಾನು ಒಳಗೆ ಬಂದ ತಕ್ಷಣ ಎರಡೂ ಕೈಲಿ ನನ್ನ ಮುಖ ಒರೆಸಿದ್ರು. ಅಷ್ಟೇ. ನಾನು ಲಾಸ್ಟು. ಆದ್ರೆ ಮುಗಿಸ್ದೆ."

ಚಪ್ಪಾಳೆ ನಿಲ್ಲಲೇ ಇಲ್ಲ. ಹಿಮಾಲಯ ಹತ್ತಿದ ಎಂಜಿನಿಯರ್ ಎದ್ದು ನಿಂತು ತಟ್ಟುತ್ತಿದ್ದರು. ನಾನೂ ಎದ್ದೆ. ಸವಿತಾ ಮೈಕ್ ಕೊಟ್ಟು ಇಳಿಯುತ್ತಿದ್ದಳು. ಆಗ ಇಮ್ತಿಯಾಜ್ ಅವಳನ್ನು ತಡೆದ.

"ತಡೀರಿ ಸವಿತಕ್ಕ. ಕಮಾನು ಯಾಕೆ ವಾಲಿತ್ತು, ನಿಮಗೆ ಗೊತ್ತಾ?"

"ಗಾಳಿಗೆ ಇರ್ಬೇಕು."

"ಗಿರೀಶಣ್ಣ, ಹೇಳ್ರಿ. ಎಷ್ಟು ದಿನ ಅಂತ ಬಚ್ಚಿಟ್ಕೋತೀರಿ?"

ಗಿರೀಶ ಬೇಡ ಬೇಡ ಎಂದು ಕೈಯಾಡಿಸಿದ. ಇಮ್ತಿಯಾಜ್ ಬಿಡಬೇಕಲ್ಲ? ಮೈಕನ್ನು ತಂದು ಕೈಗೇ ಕೊಟ್ಟ. ವರ್ಷಗಟ್ಟಲೆ ಫೋನಿನಲ್ಲಿ ಎರಡು ಮಾತು ಆಡದ ನನ್ನ ಮೈದುನ ಆವತ್ತು ಎದ್ದು ನಿಂತ.

"ಅದು... ಜನರೇಟರ್‌ನಲ್ಲಿ ಪೆಟ್ರೋಲ್ ಖಾಲಿಯಾಗಿತ್ತು. ಗಾಳಿ ಊದೋ ಬ್ಲೋಯರ್ ನಿಂತೋಯ್ತು. ಕಮಾನು ಮಲಗಿಬಿಡ್ತು. ಅಲ್ಲಿದ್ದ ಹುಡುಗ್ರು, 'ಎಲ್ಲಾ ಬಂದಾಯ್ತು, ಮಡಚಿಬಿಡೋಣ' ಅಂದ್ರು. ನನ್ನ ಹೆಂಡ್ತಿ ಬಂದಿಲ್ಲ ಅಂದೆ. 'ಇಲ್ಲ ಅಂಕಲ್, ಅವರು ವ್ಯಾನಲ್ಲಿ ಬರ್ತಿರ್ತಾರೆ' ಅಂದ್ರು. ಅದೆಲ್ಲಿಂದ ಸಿಟ್ಟು ಬಂತೋ ಗೊತ್ತಿಲ್ಲ. 'ವ್ಯಾನಲ್ಲಿ ಬರೋಳಲ್ಲ ಅವಳು! ಕಾಲಲ್ಲಿ ಬರ್ತಾಳೆ!' ಅಂತ ಕೂಗಿಬಿಟ್ಟೆ. ಯಾರದೋ ಬೈಕಿಂದ ಕೇಳ್ಕೊಂಡು ಬಾಟ್ಲಿಗೆ ಪೆಟ್ರೋಲ್ ಇಳಿಸ್ದೆ. ಹಾಕಿದ್ರೂ ಸ್ಟಾರ್ಟ್ ಆಗ್ಲಿಲ್ಲ. ಪ್ಲಗ್ ಬಿಚ್ಚಿ ಒರೆಸಿ ಹಾಕ್ದೆ. ಕಾರ್ಖಾನೆ ನಿಂತ ಮೇಲೆ ಮೊದಲ್ನೇ ಸಲ ಸ್ಪಾನರ್ ಹಿಡಿದಿದ್ದು ನಾನು. ಎಳೆದೆ, ಎಳೆದೆ. ಗುರ್ ಅಂತು. ಕಮಾನು ಏಳ್ತಾ ಇತ್ತು, ಅಷ್ಟೊತ್ತಿಗೆ ತಿರುವಲ್ಲಿ ಇವಳು ಕಂಡ್ಲು. ಪೂರ್ತಿ ನಿಲ್ಲೋಕೆ ಟೈಮ್ ಆಗ್ಲಿಲ್ಲ. ಅದಕ್ಕೇ ವಾಲಿತ್ತು."

ಸವಿತಾ ವೇದಿಕೆಯ ಮೆಟ್ಟಿಲ ಮೇಲೇ ನಿಂತಿದ್ದಳು. ಕೈ ತಾನಾಗಿ ಕೆನ್ನೆಗೆ ಹೋಯಿತು. ಅವರ ಮನೆ ಗೋಡೆಯ ಮೇಲೆ ಅವಳು ಓಟ ಮುಗಿಸಿದ ಫೋಟೊ ಇದೆ. ಅದರಲ್ಲಿ ಎರಡೂ ಕೆನ್ನೆಯ ಮೇಲೆ ಕಪ್ಪು ಗೆರೆ. ಬೆಟ್ಟದ ಕೆಸರು ಎಂದುಕೊಂಡಿದ್ದೆವು ನಾವೆಲ್ಲ.

"ಅದು ಗ್ರೀಸಾ?" ಎಂದಳು.

"ಹ್ಞೂಂ. ಕೈ ತೊಳೆಯೋಕೆ ಪುರುಸೊತ್ತೆಲ್ಲಿತ್ತು?"

"ಮತ್ತೆ ನಂಗ್ಯಾಕೆ ಹೇಳ್ಲಿಲ್ಲ?"

"ನೀನು ಕೇಳ್ಲಿಲ್ಲ."

ಅವಳು ನಗುತ್ತಿದ್ದಳೋ ಅಳುತ್ತಿದ್ದಳೋ ನನಗೆ ಸರಿಯಾಗಿ ಕಾಣಲಿಲ್ಲ. ನನ್ನ ಕನ್ನಡಕ ಮಂಜಾಗಿತ್ತು. (ಎಸಿಯ ಮೇಲೆ ಹಾಕೋಣವೆಂದರೆ, ಹಾಲಿನಲ್ಲಿ ಎಸಿ ಇರಲಿಲ್ಲ ಎಂಬುದನ್ನೂ ಹೇಳಿಬಿಡುತ್ತೇನೆ.)

ಆ ಓಟದ ನಂತರ ಗಿರೀಶ ಇಮ್ತಿಯಾಜನ ಗ್ಯಾರೇಜಿನ ಪಕ್ಕದಲ್ಲೇ ಜನರೇಟರ್, ಪಂಪ್‌ಸೆಟ್ ರಿಪೇರಿ ಅಂಗಡಿ ಇಟ್ಟಿದ್ದಾನೆ. ಶಿವಮೊಗ್ಗದ ಮದುವೆ ಹಾಲಿನವರೂ ಅವನನ್ನೇ ಕರೆಯುತ್ತಾರೆ. ಮೂಲೆ ಹಿಡಿದಿದ್ದವನು ಒಂದು ದಿನ ಇದ್ದಕ್ಕಿದ್ದಂತೆ ಅಂಗಡಿ ಯಾಕೆ ತೆರೆದ? ನಮ್ಮ ಮನೆಯಲ್ಲಿ ಇದಕ್ಕೆ ಬೇಕಾದಷ್ಟು ಥಿಯರಿಗಳಿದ್ದವು. ಗ್ರಹಗತಿ ಬದಲಾಯಿತು ಎಂದರು ನಮ್ಮ ಅತ್ತೆ. "ನನ್ನ ಬುದ್ಧಿಮಾತು ನಾಟಿತು" ಎಂದರು ನಮ್ಮ ಯಜಮಾನರು. ಅವನನ್ನೇ ಕೇಳೋಣ ಎಂದು ಮಾತ್ರ ಯಾರಿಗೂ ಹೊಳೆಯಲಿಲ್ಲ, ನೋಡಿ.

ಕಾರ್ಯಕ್ರಮ ಮುಗಿದ ಮೇಲೆ ಸವಿತಾಳ ಸುತ್ತ ಹೆಂಗಸರ ಗುಂಪು. ಶೂ ಎಲ್ಲಿ ಸಿಗುತ್ತೆ, ಮಂಡಿ ನೋಯಲ್ವಾ, ಸೀರೆಯಲ್ಲೇ ಓಡಬಹುದಾ, ಗಂಡ ಬೇಡ ಅಂದ್ರೆ ಏನು ಮಾಡೋದು? ಅವಳು ಒಬ್ಬೊಬ್ಬರಿಗೂ ಉತ್ತರ ಕೊಡುತ್ತಿದ್ದಳು. ಮೈಕಿಗೆ ಹೆದರಿ ರಾತ್ರಿಯೆಲ್ಲ ನಿದ್ದೆಗೆಟ್ಟವಳು ಇವಳೇನಾ? ಗೋಪಾಳದ ನಾಲ್ಕು ಜನ ಅಲ್ಲೇ ವಾಟ್ಸಾಪ್ ಗ್ರೂಪ್ ಮಾಡಿಕೊಂಡು ನನ್ನನ್ನೂ ಸೇರಿಸಿಬಿಟ್ಟರು. ಈ ವಾರ ಪಾರ್ಕಿನಲ್ಲಿ ಮೂರು ದಿನ ಓಡಿದೆವು. ಓಡಿದೆವು ಎಂದರೆ, ಒಂದು ದೀಪದ ಕಂಬದಿಂದ ಇನ್ನೊಂದರವರೆಗೆ. ಆಮೇಲೆ ಕಂಬ ಹಿಡಿದು ನಿಂತೆವು. ಆದರೆ ಆ ಎರಡು ಕಂಬಗಳ ನಡುವೆ ನನಗೆ ಆದ ಸಂತೋಷವಿದೆಯಲ್ಲ, ಅದನ್ನು ಯಾರಿಗಾದರೂ ಹೇಳಲೇಬೇಕೆನಿಸಿತು. ಮನೆಗೆ ಬಂದು ಯಜಮಾನರ ಕೈಯಿಂದ ಪೇಪರ್ ಕಿತ್ತು ಕೆಳಗಿಟ್ಟು, ಪೂರ್ತಿ ಹೇಳಿದೆ. ಪೂರ್ತಿ ಕೇಳಿದರು. ಕೊನೆಗೆ, "ನಾಳೆ ನಾನೂ ಬರ್ಲಾ?" ಎಂದರು.

ಎವರೆಸ್ಟ್ ಹತ್ತಿದವರ ಕಥೆ ಹೇಗಿದ್ದರೂ ಟೀವಿಯವರು ತೋರಿಸುತ್ತಾರೆ. ನಿಮ್ಮ ಮನೆಯವರು ಇತ್ತೀಚೆಗೆ ಎಲ್ಲಿ ಗೆದ್ದು ಬಂದರು, ಒಂದು ಸಲವಾದರೂ ಕೇಳಿದ್ದೀರಾ?