ಮೊದಲ ಗುಟುಕು

ಶ್ರೀಲಂಕಾದ ಅಂತರ್ಯುದ್ಧಕ್ಕೆ ಭಾರತೀಯ ಸೇನೆಯ ನಮ್ಮ ತುಕಡಿಯನ್ನು ಕಳಿಸಿದಾಗ ನಾನು ಲಾರಿ ಡ್ರೈವರ್. ಗುಂಡು ಹಾರಿಸಿದ್ದು ಕಡಿಮೆ, ನೆನಪಿರುವುದು ಬಾಯಾರಿಕೆ. ಜಾಫ್ನಾ ಸುತ್ತಮುತ್ತ ಕ್ಯಾಂಪಿನಿಂದ ಕ್ಯಾಂಪಿಗೆ ಅಕ್ಕಿ, ಸೀಮೆಎಣ್ಣೆ ಸಾಗಿಸುವಾಗ ಮಧ್ಯಾಹ್ನದೊಳಗೆ ನಮ್ಮ ನೀರು ಮುಗಿದಿರುತ್ತಿತ್ತು. ದಾರಿಬದಿಯ ತಮಿಳರ ಮನೆಗಳಲ್ಲಿ ಬಾವಿಗಳಿದ್ದವು. ಆದರೆ ವಿಷ ಹಾಕಿದ್ದರೆ? ಅದಕ್ಕೇ ಮನೆಯವರನ್ನು ಕರೆದು, ನೀರು ಸೇದಿಸಿ, ಮೊದಲು ಅವರಿಗೇ ಕುಡಿಸುತ್ತಿದ್ದೆವು. ಅವರ ಮುಖವನ್ನೇ ನೋಡುತ್ತಾ ಸ್ವಲ್ಪ ಹೊತ್ತು ನಿಂತು, ಆಮೇಲೆ ನಾವು ಕುಡಿಯುತ್ತಿದ್ದೆವು. ಯಾರೂ ಹೇಳಿಕೊಟ್ಟಿದ್ದಲ್ಲ, ನಾವೇ ಮಾಡಿಕೊಂಡ ರೂಢಿ. ಒಬ್ಬರಿಗೂ ಏನೂ ಆಗಲಿಲ್ಲ, ಆದರೂ ಬಿಡಲಿಲ್ಲ. ಒಂದು ಮನೆಯಲ್ಲಿ ತುಂಬು ಬಸುರಿಯೊಬ್ಬಳಿಗೆ ಹೀಗೆ ಕುಡಿಸಿದವನು ನಾನೇ.

ಸುಮಾರು ಮೂವತ್ತು ವರ್ಷದ ಮೇಲೆ ಆಸ್ಟ್ರೇಲಿಯಾದ ಮೆಲ್ಬರ್ನ್‌ಗೆ, ಕ್ಲೈಡ್ ನಾರ್ತ್ ಬಡಾವಣೆಯಲ್ಲಿರುವ ಮಗಳ ಮನೆಗೆ ಬಂದೆ. ಪಾರ್ಕಿನ ಬೆಂಚಿನಲ್ಲಿ ಜಾಫ್ನಾ ಕಡೆಯ ತಮಿಳು ಹಿರಿಯರೊಬ್ಬರ ಪರಿಚಯವಾಯಿತು. ದಿನಾ ಫ್ಲಾಸ್ಕಿನಲ್ಲಿ ಟೀ ತಂದು ಮೊದಲ ಕಪ್ ನನಗೇ ಕೊಡುತ್ತಿದ್ದರು. ನನ್ನ ಹರಕುಮುರುಕು ತಮಿಳಿನಲ್ಲೇ ನಮ್ಮ ಮಾತು.

"ತಮಿಳು ಎಲ್ಲಿ ಕಲಿತ್ರಿ?" ಎಂದು ಒಂದು ದಿನ ಕೇಳಿದರು.

ಸುಳ್ಳು ಹೇಳಬಹುದಿತ್ತು. "ನಿಮ್ಮೂರ ಕಡೇನೇ. ಆರ್ಮೀಲಿದ್ದೆ," ಎಂದೆ.

ಅವರು ಫ್ಲಾಸ್ಕಿನ ಮುಚ್ಚಳ ತಿರುಗಿಸಿ ಎದ್ದು ಹೋದರು. ಇನ್ನು ಬರುವುದಿಲ್ಲ ಎಂದುಕೊಂಡೆ.

ಮಾರನೆಯ ದಿನ ಬಂದರು. ಟೀ ಬಗ್ಗಿಸಿದರು. ಚಾಚಿದ ನನ್ನ ಕೈಗೆ ಕಪ್ ಕೊಡದೆ ತಾವೇ ಒಂದು ಗುಟುಕು ಕುಡಿದು, ನನ್ನ ಮುಖ ನೋಡುತ್ತಾ ಸ್ವಲ್ಪ ಹೊತ್ತು ಕೂತರು. ಆಮೇಲೆ ಕಪ್ ಮುಂದೆ ಹಿಡಿದರು.

"ನಂಗೇನೂ ಆಗಿಲ್ಲ. ಈಗ ಕುಡೀರಿ."